ದೊರೆ ಕೇಕು ಮತ್ತು ಕಾಸಿನ ಸರ

ಬೇರೆಯವರ ಮನೆಗಳಲ್ಲಿ ಜಗಳ ಹುಟ್ಟೋದು ಬದು ಒತ್ತರಿಸಿದ್ದಕ್ಕೆ, ನಾಲೆ ನೀರು ತಿರುಗಿಸಿಕೊಂಡಿದ್ದಕ್ಕೆ, ಅದೂ ಇಲ್ಲ ಅಂದರೆ ಗದ್ದೆಗೆ ಎಮ್ಮೆ ನುಗ್ಗಿಸಿದ್ದಕ್ಕೆ. ನಮ್ಮನೇಲಿ ಹುಟ್ಟೋದೆಲ್ಲ ಒಂದು ಕೇಕಿಗೆ. ಸದ್ಯ ಇದೊಂದು ಮುಗೀತಲ್ಲಪ್ಪ ಅಂತ ಉಸಿರು ಬಿಡೋ ಹೊತ್ತಿಗೆ ಇನ್ನೊಂದು ಶುರು. ತೊಂಬತ್ತರ ದಶಕ ಪೂರ್ತಿ ನಾನು ನಗೋದನ್ನೆಲ್ಲ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡೇ ನಕ್ಕಿದ್ದು. ಈಗ ಸ್ವಲ್ಪ ಬಾಯಿಬಿಟ್ಟು ನಗ್ತೀನಿ, ನೀವೂ ನಗಿ.

ಮೊದಲನೇ ತುಂಡು

ನನ್ನ ತವರು ನಾಗಮಂಗಲ. ಕೊಟ್ಟಿದ್ದು ಪಾಂಡವಪುರದ ಪಕ್ಕದ ಹಳ್ಳಿಗೆ, ಕಬ್ಬು ಭತ್ತ ಬೆಳೆಯೋ ಒಕ್ಕಲು ಮನೆಗೆ. ಮನೇಲಿ ಅತ್ತೆ, ಮಾವ, ಭಾವ, ಭಾವನ ಹೆಂಡತಿ ಅಂದರೆ ನನ್ನ ಓರಗಿತ್ತಿ, ಮದುವೆಗೆ ಬೆಳೆದ ಒಬ್ಬಳು ನಾದಿನಿ, ಆಮೇಲೆ ಊರ ಹಾಲಿನ ಡೈರೀಲಿ ಸೆಕ್ರೆಟರಿಯಾಗಿದ್ದ ನಮ್ಮ ಯಜಮಾನರು. ಇವರೆಲ್ಲರ ತಲೆ ಮೇಲೆ ಆ ಕೇಕು.

ಮದುವೆ ಮುಗಿಸಿಕೊಂಡು ಗಂಡನ ಮನೆಗೆ ಬರುವಾಗ ಕಾರಿನಲ್ಲಿ ಯಜಮಾನರು ನನ್ನ ಕಿವಿ ಹತ್ತಿರ ಬಗ್ಗಿದರು. ಹೊಸ ಮದುವಣಗಿತ್ತಿ ನಾನು, ಏನೋ ಸರಸದ ಮಾತಿರಬೇಕು ಅಂತ ನಾಚಿಕೊಂಡು ತಲೆ ತಗ್ಗಿಸಿದೆ.

"ಮನೇಲಿ ಅವ್ವ ಕೇಕು ಕೊಡ್ತಾಳೆ. ಏನೇ ಆಗ್ಲಿ, ಚೆನ್ನಾಗದೆ ಅಂತ್ಲೇ ಅನ್ನು," ಅಂದರು.

ನಮ್ಮ ಸಂಸಾರದಲ್ಲಿ ಅವರು ನನ್ನ ಕಿವೀಲಿ ಮೊಟ್ಟಮೊದಲು ಪಿಸುಗುಟ್ಟಿದ್ದು ಇದು.

ಕೇಕಿನ ಪುರಾಣ ಹೇಳಿಬಿಡ್ತೀನಿ. ನಮ್ಮತ್ತೆ ಶ್ರೀರಂಗಪಟ್ಟಣದವರು. ಅವರ ತಾತ ಮೈಸೂರಲ್ಲಿ ಯಾರೋ ಬಿಳಿ ದೊರೆಯ ಅಡುಗೆಮನೇಲಿ ಕೆಲಸಕ್ಕಿದ್ದರಂತೆ. ದೊರೆಸಾನಿ ತನ್ನ ಮನೆತನದ ಕೇಕನ್ನ ಇವರಿಗೆ ಹೇಳಿಕೊಟ್ಟಳಂತೆ. ಅದಕ್ಕೇ ಅದು ದೊರೆ ಕೇಕು. ಈ ಕತೆ ವರ್ಷ ವರ್ಷ ಮೈ ತುಂಬಿಕೊಳ್ತಾ ಹೋಯ್ತು. ನಾನು ಬಂದ ವರ್ಷ ದೊರೆಸಾನಿ ಸುಮ್ಮನೆ ಹೇಳಿಕೊಟ್ಟಿದ್ದಳು. ಮಾರನೇ ವರ್ಷ ಹೇಳಿಕೊಡುವಾಗ ಕಣ್ಣೀರಿಟ್ಟಳು. ಅದರ ಮುಂದಿನ ವರ್ಷದ ಹೊತ್ತಿಗೆ ಹಡಗು ಹತ್ತೋ ಮುಂಚೆ ತಾತನ ಕಾಲಿಗೆ ಬೀಳೋಕೆ ಬಂದಿದ್ದಳು, ತಾತನೇ ದೊಡ್ಡ ಮನಸ್ಸು ಮಾಡಿ ಬ್ಯಾಡ ಬುಡಮ್ಮಣ್ಣಿ ಅಂದರಂತೆ.

ಮಾಡೋ ರೀತಿ ಹೀಗೆ. ಹಿತ್ತಲ ಒಲೆ ಮೇಲೆ ದೊಡ್ಡ ಬಾಣಲೆ, ಅದರ ತುಂಬ ಮರಳು. ಮರಳು ಕಾದ ಮೇಲೆ ಅದರೊಳಗೆ ಕೇಕಿನ ಪಾತ್ರೆ, ಪಾತ್ರೆ ಮೇಲೆ ತಟ್ಟೆ, ತಟ್ಟೆ ಮೇಲೆ ಕೆಂಡ. ಪಾತ್ರೆಯೊಳಗೆ ಮೈದಾ, ನಮ್ಮದೇ ಆಲೆಮನೆ ಬೆಲ್ಲ, ಎಮ್ಮೆ ಬೆಣ್ಣೆ, ನಾಟಿ ಕೋಳಿ ಮೊಟ್ಟೆ, ಏಲಕ್ಕಿ. ಕೇಳಿದರೆ ಬಾಯಲ್ಲಿ ನೀರೂರ್ತದೆ. ಆದರೆ ಅತ್ತೆ ಸೋಡಾ ಹಾಕೋರಲ್ಲ, ಅದು ಅಂಗಡಿಯವರ ಮೋಸ ಅಂತ. ಮೇಲಿನ ಕೆಂಡ ತಾನಾಗಿ ಬೂದಿಯಾಗೋ ತನಕ ಪಾತ್ರೆ ಇಳಿಸೋರೂ ಅಲ್ಲ. ಹಿಂಗಾಗಿ ಒಳಗೆ ಹೋಗೋವಾಗ ಹಿಟ್ಟಾಗಿದ್ದದ್ದು ಆಚೆಗೆ ಬರೋವಾಗ ಬೀಸೋ ಕಲ್ಲಾಗಿರ್ತಿತ್ತು. ಅದನ್ನ ಕತ್ತರಿಸೋಕೆ ಭಾವ ಎಳನೀರು ಕೊಚ್ಚೋ ಮಚ್ಚು ತರೋರು.

ನನ್ನ ಮುಂದೆ ತಟ್ಟೆ ಬಂತು. ಒಂದು ತುಂಡು ಬಾಯಿಗಿಟ್ಟೆ. ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ, ಸುತ್ತ ಮನೆಯವರೆಲ್ಲ ನನ್ನ ದವಡೆಯನ್ನೇ ನೋಡ್ತಾವ್ರೆ. ಮಾವ ಮಾತ್ರ ಬುದ್ಧಿವಂತರು. ಅವರು ತಮ್ಮ ತುಂಡನ್ನ ಕಾಫಿ ಲೋಟದಲ್ಲಿ ಮುಳುಗಿಸಿ, ಕಬ್ಬಿನ ಸಮಾಚಾರ ಮಾತಾಡ್ತಾ ಕೂತಿದ್ದರು. ಕಾಫಿ ತಣ್ಣಗಾದ ಮೇಲೆ ಮೆಲ್ಲಗೆ ತೆಗೆದು ತಿಂದು, "ಇವತ್ತು ಬೊಂಬಾಟಾಗದೆ ಕಣಮ್ಮಿ," ಅಂತ ಅತ್ತೆ ಕಡೆ ನೋಡಿದರು.

ಅತ್ತೆ ನನ್ನ ಕಡೆ ತಿರುಗಿದರು. "ಎಂಗದೆ?"

"ತುಂಬಾ ಚೆನ್ನಾಗಿದೆ ಅತ್ತೆ," ಅಂದೆ.

ತಕ್ಷಣ ತಟ್ಟೆಗೆ ಇನ್ನೆರಡು ತುಂಡು ಬಿತ್ತು. ಸುಳ್ಳು ಹೇಳಿದರೆ ಮುಂದಿನ ಜನ್ಮದಲ್ಲಿ ಶಿಕ್ಷೆ ಅಂತಾರೆ. ನಮ್ಮನೇಲಿ ಅಲ್ಲಿವರೆಗೂ ಕಾಯೋ ಪದ್ಧತಿ ಇಲ್ಲ.

ಸರದ ಮಾತು

ಅತ್ತೆ ಹತ್ತಿರ ಒಂದು ಕಾಸಿನ ಸರ ಇತ್ತು. ಕೊರಳಿಂದ ಹೊಕ್ಕಳವರೆಗೆ ಬರೋ ಅಂಥದ್ದು, ಒಂದೊಂದು ಕಾಸಿನ ಮೇಲೂ ಲಕ್ಷ್ಮಿ. ಅವರ ತವರಿಂದ ಬಂದದ್ದು. ಅದನ್ನ ಹಾಕ್ಕೊಂಡು ಮದುವೆ ಮನೆಗೆ ಹೋದರೆ ಅಲ್ಲಿ ಮದುಮಗಳನ್ನ ಯಾರೂ ನೋಡ್ತಿರಲಿಲ್ಲ. ನಾನು ನೋಡಿದ ದಿನವೇ ನನ್ನ ಜೀವ ಅದರ ಮೇಲೆ ಹೋಗಿತ್ತು. ಓರಗಿತ್ತಿ ಜೀವ ನನಗಿಂತ ಮೊದಲೇ ಹೋಗಿತ್ತು, ಅವರು ಹಿರೀ ಸೊಸೆ ನೋಡಿ.

ಒಂದು ಯುಗಾದಿ ದಿನ ಅತ್ತೆ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಮಗಳಿಗೆ ಬ್ಯಾರೆ ಮಾಡ್ಸಿವ್ನಿ. ಈ ಸರ ಸೊಸೆಗೆ. ನಿಮ್ಮಿಬ್ರಲ್ಲಿ ಯಾರು ನನ್ನಂಗೇ ಕೇಕು ಮಾಡ್ತೀರೋ ಅವ್ಳಿಗೆ. ನಾ ಸತ್ ಮ್ಯಾಲೆ ಈ ಮನೇಲಿ ದೊರೆ ಕೇಕು ನಿಂತೋಗ್ಬಾರ್ದು."

ಅಷ್ಟೇ ಸಾಕು. ಮಾರನೇ ಭಾನುವಾರವೇ ನಾನು ಹಿತ್ತಲ ಒಲೆ ಹಚ್ಚಿದೆ. ಡಿಗ್ರಿ ಓದಿದವಳಲ್ವಾ, ತಲೆ ಓಡಿಸಿದೆ. ಯಾರಿಗೂ ಕಾಣದ ಹಾಗೆ ಚಿಟಿಕೆ ಸೋಡಾ ಹಾಕಿದೆ, ಕೆಂಡ ಇನ್ನೂ ಕೆಂಪಗಿದ್ದಾಗಲೇ ಪಾತ್ರೆ ಇಳಿಸಿದೆ. ಕೇಕು ಉಬ್ಬಿ, ಮುಟ್ಟಿದರೆ ಮೆತ್ತಗೆ ಕೆಳಗಿಳಿದು ಮತ್ತೆ ಮೇಲೇಳ್ತಿತ್ತು. ಮಚ್ಚು ಬೇಕಾಗಲಿಲ್ಲ. ನಮ್ಮ ಭಾವ, ಯಜಮಾನರು, ಮಾವ ಕೂತಲ್ಲೇ ಇಡೀ ಕೇಕು ಖಾಲಿ ಮಾಡಿದರು. ಭಾವ ತಟ್ಟೆಯಲ್ಲಿದ್ದ ಪುಡಿಯನ್ನ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದರು. ಸರ ನನ್ನ ಕೊರಳಿಗೆ ಬಿದ್ದೇ ಹೋಯ್ತು ಅಂದುಕೊಂಡೆ.

ಅತ್ತೆ ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡರು. "ಮೆತ್ತಗದೆ," ಅಂದರು. ಕಾಯಿಲೆ ಬಿದ್ದವರ ಬಗ್ಗೆ ಮಾತಾಡ್ತಾರಲ್ಲ, ಆ ದನಿ. ಆಮೇಲೆ ಗಂಡಸರ ಕಡೆ ತಿರುಗಿ, "ನೀವೇನಂದೀರಿ?"

ಭಾವ ಬೆರಳನ್ನ ಬಾಯಿಂದ ತೆಗೆದರು. "ಎಲ್ಲಿ ಬತ್ತದವ್ವ ನಿನ್ ಕೈ ರುಚಿ."

ಯಜಮಾನರು ತುಟಿ ಒರೆಸಿಕೊಂಡು, "ಅದು ಬಾಯಲ್ಲಿ ನಿಲ್ಲಾಕಿಲ್ಲ ಕಣವ್ವ. ಕೇಕು ಅಂದ್ರೆ ಬಾಯಲ್ಲಿ ನಿಲ್ಬೇಕು," ಅಂದರು. ಕಟ್ಟಿಕೊಂಡ ಗಂಡ ರೀ!

ಮಾರನೇ ವಾರ ಓರಗಿತ್ತಿ ಮಾಡಿದರು. ಅವರು ನನಗಿಂತ ಪಾಕಡ. ಹಿಟ್ಟಿಗೆ ಅರ್ಧಕ್ಕರ್ಧ ರಾಗಿ ಹಿಟ್ಟು ಬೆರೆಸಿ, ಒಲೆ ಮೇಲಿಟ್ಟು ಗದ್ದೆಗೆ ಬುತ್ತಿ ಕೊಡೋಕೆ ಹೋಗಿಬಿಟ್ಟರು. ಬಂದು ನೋಡಿದರೆ ತಳ ಕರ್ರಗೆ ಸೀದು ಹೋಗಿತ್ತು. ಭಾವ ಮಚ್ಚು ಬೀಸಿದರೆ ಕೇಕು ಚಂಗನೆ ಹಾರಿ ಬಚ್ಚಲಿಗೆ ಬಿತ್ತು. ಅತ್ತೆ ಅದನ್ನ ಎತ್ತಿ ತೊಳೆದು, ನೆಲಕ್ಕೆ ಒಂದು ಸಲ ಕುಟ್ಟಿ ನೋಡಿ, ಮುಖ ಅರಳಿಸಿಕೊಂಡು ಹೇಳಿದರು:

"ಇವ್ಳು ದಾರಿ ಇಡ್ದವ್ಳೆ."

ಕಾವೇರಿ ಮರಳು

ಅಲ್ಲಿಂದ ನಮ್ಮಿಬ್ಬರಿಗೂ ಪೈಪೋಟಿ. ಲೋಕದಲ್ಲಿ ಎಲ್ಲರೂ ಅಡುಗೆ ಚೆನ್ನಾಗಿ ಮಾಡೋಕೆ ಪೈಪೋಟಿ ಮಾಡ್ತಾರೆ, ನಾವಿಬ್ಬರು ಇನ್ನೂ ಎಷ್ಟು ಕೆಡಿಸಬಹುದು ಅಂತ ತಲೆ ಕೆಡಿಸಿಕೊಂಡಿದ್ದೆವು.

ಅಷ್ಟರಲ್ಲಿ ಮರಳಿನ ಗಲಾಟೆ ಎದ್ದಿತು. ಅತ್ತೆ ಪ್ರಕಾರ ಬಾಣಲೆಗೆ ಹಾಕೋ ಮರಳು ಶ್ರೀರಂಗಪಟ್ಟಣದ ಕಾವೇರಿ ಹೊಳೇದೇ ಆಗಬೇಕು. ಮರಳಿಗೂ ಕೇಕಿಗೂ ನಡುವೆ ಪಾತ್ರೆ ಇದೆ, ಒಂದು ಕಾಳೂ ತಾಗೋದಿಲ್ಲ. ಆದರೂ ಅವರು ತವರಿಗೆ ಹೋದಾಗಲೆಲ್ಲ ಒಂದು ಚೀಲ ಮರಳು ಬಸ್ಸಿಗೆ ಹಾಕಿಕೊಂಡು ಬರೋರು. ಒಂದು ಸಲ ನಾನೂ ಜೊತೇಲಿದ್ದೆ. ಕಂಡಕ್ಟರು ಚೀಲ ಒದ್ದು ನೋಡಿ, "ಏನವ್ವ ಇದ್ರಲ್ಲಿ?" ಅಂದ.

"ಮರಳು."

"ಯಾಕೆ, ಪಾಂಡವಪುರದಲ್ಲಿ ಮರಳಿಲ್ವಾ?"

"ಅದೆ. ಮನೆ ಕಟ್ಟಾಕೆ ಆಯ್ತದೆ, ಕೇಕ್ ಮಾಡಾಕಾಗಾಕಿಲ್ಲ."

ಕಂಡಕ್ಟರು ನನ್ನ ಮುಖ ನೋಡಿದ. ನಾನು ಕಿಟಕಿಯಿಂದ ಆಚೆ ಗದ್ದೆ ನೋಡಿದೆ.

ಓರಗಿತ್ತಿ ತವರು ಕೆ.ಆರ್. ಪೇಟೆ ತಾಲ್ಲೂಕು, ಹೇಮಗಿರಿ ಹತ್ತಿರ. ಅವರ ಕೇಕು ಆ ಸಲ ನಡುವೆ ಸ್ವಲ್ಪ ಮೆತ್ತಗಾಗಿಬಿಟ್ಟಿತ್ತು, ಪಾಪ. ಕುಣೀಲಾರದವಳು ನೆಲ ಡೊಂಕು ಅಂದಂಗೆ, "ಕಾವೇರಿ ಮರಳು ಸರಿಯಾಗಿ ಕಾಯಾಕಿಲ್ಲ ಅತ್ತೆ, ನಮ್ಮೂರ ಹೇಮಾವತಿ ಮರಳಾದ್ರೆ ನೋಡಿ ಎಂಗೆ ಕಾಯ್ತದೆ," ಅಂದುಬಿಟ್ಟರು. ಅಂದಿದ್ದು ಮಾತ್ರ ಅಲ್ಲ, ತಮ್ಮನ ಕೈಲಿ ಒಂದು ಮೂಟೆ ತರಿಸಿಯೂ ಬಿಟ್ಟರು. ಆ ಕಾಲದಲ್ಲಿ ಹೊರಗೆ ಮಂಡ್ಯ ಜಿಲ್ಲೆಗೆ ಜಿಲ್ಲೆಯೇ ಕಾವೇರಿ ನೀರಿಗೆ ರಸ್ತೆ ಮೇಲೆ ಕೂತಿತ್ತು. ಒಳಗೆ ನಮ್ಮ ಹಿತ್ತಲಲ್ಲಿ ಕಾವೇರಿ ಮರಳಿಗೆ ಮಾತು ಬಿಟ್ಟು ಕೂತಿದ್ದರು. ಅತ್ತೆ ಹಿರೀ ಸೊಸೆ ಜೊತೆ ಮಾತಾಡಲ್ಲ, ಹಿರೀ ಸೊಸೆ ಅತ್ತೆ ಮಾಡಿದ ಸಾರು ಮುಟ್ಟಲ್ಲ.

ಮಾವ ರಾಜಿಗೆ ಬಂದರು. "ಎರಡು ಹೊಳೇನೂ ಕನ್ನಂಬಾಡಿ ಕಟ್ಟೇಲಿ ಒಂದಾಯ್ತವೆ ಕಣ್ರಮ್ಮಿ, ನೀವ್ಯಾಕ್ ಕಿತ್ತಾಡೀರಿ?"

"ನೀರು ಒಂದಾಯ್ತದೆ. ಮರಳಿಗೆ ಮಾನ ಮರ್ಯಾದೆ ಅದೆ," ಅಂದರು ಅತ್ತೆ. ಮಾವ ಟವಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೋದವರು ಊಟಕ್ಕೂ ಬರಲಿಲ್ಲ.

ಕೊನೆಗೆ ಅತ್ತೆ ಸಿಟ್ಟು ಬಂದು ಬಿದ್ದಿದ್ದು ಏನೂ ಮಾತಾಡದೆ ಮೂಲೇಲಿ ನಿಂತಿದ್ದ ನನ್ನ ಮೇಲೆ. "ನೀನೇನ್ ನೋಡೀಯೆ ನಾಗಮಂಗಲದವ್ಳೇ? ನಿಮ್ಮೂರಲ್ಲಿ ಹೊಳೇನೂ ಇಲ್ಲ, ಮರಳೂ ಇಲ್ಲ. ಎಲ್ ನೋಡುದ್ರೂ ಬರೀ ಕಲ್ಲು!"

ಹಂಗಾದರೆ ನಿಮ್ಮ ಕೇಕು ನಮ್ಮೂರದ್ದೇ ಇರಬೇಕು ಅತ್ತೆ, ಅಂತ ನಾಲಿಗೆ ತುದಿಗೆ ಬಂದಿತ್ತು. ಕಾಸಿನ ಸರ ನೆನೆಸಿಕೊಂಡು ನುಂಗಿಕೊಂಡೆ. ಕೇಕಿಗಿಂತ ಸಲೀಸಾಗಿ ಒಳಗೆ ಹೋಯ್ತು.

ಸೋಮವಾರದ ಮೊಟ್ಟೆ

ನಾದಿನಿಗೆ ಗಂಡು ಗೊತ್ತು ಮಾಡೋಕೆ ಶೀಳನೆರೆ ಕಡೆಯಿಂದ ಒಂದು ಮನೆಯವರು ಬರ್ತೀವಿ ಅಂದರು. ಒಳ್ಳೇ ಮನೆ, ನೀರಾವರಿ ಜಮೀನು, ಹುಡುಗನಿಗೆ ಪೇಟೇಲಿ ಗೊಬ್ಬರದ ಅಂಗಡಿ. ನಾದಿನಿ ಅವನ ಫೋಟೋ ನೋಡಿ ಒಪ್ಪಿಯೂ ಆಗಿತ್ತು. ಆದರೆ ಬಂದಿದ್ದು ಸೋಮವಾರ. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಸೋಮವಾರ ಮೊಟ್ಟೆ ಮಾಂಸ ಮುಟ್ಟೋದಿಲ್ಲ. ಅತ್ತೆ ದೊರೆ ಕೇಕು ಮಾಡಿ ಇಟ್ಟುಕೊಂಡಿದ್ದರು, ಬೇಡ ಅಂದರೆ ಕೇಳಬೇಕಲ್ಲ.

ಉಪ್ಪಿಟ್ಟು, ಕೇಸರಿಬಾತಿನ ಪಕ್ಕದಲ್ಲಿ ಕೇಕು ಬಂದು ಕೂತಿತು. ಹುಡುಗನ ತಾಯಿ ಮೂಸಿ ನೋಡಿದರು. "ಇದುಕ್ಕೆ ಮೊಟ್ಟೆ ಹಾಕೀರಾ?"

"ಊಂ, ಹಾಕದೆ ಕೇಕ್ ಎಂಗಾದದು?"

"ಸೋಮವಾರ ಕಣವ್ವ ಇವತ್ತು!"

ಅತ್ತೆ ಒಂಚೂರೂ ಅಲುಗಾಡಲಿಲ್ಲ. "ಮೊಟ್ಟೆ ಒಡ್ದಿದ್ದು ಭಾನುವಾರ. ಭಾನುವಾರ ಒಡ್ದ ಮೊಟ್ಟೆ ಭಾನುವಾರದ್ದೇ. ಸೋಮವಾರ ಬಂದದೆ ಅಂತ ಅದ್ಕೇನ್ ಗೊತ್ತಾದದು?"

ಬೀಗಿತ್ತಿ ತಟ್ಟೆ ಪಕ್ಕಕ್ಕೆ ಸರಿಸಿದರು. ಮಾತು ತಿರುಗಿಸೋಕೆ ಮಗನನ್ನ ಹೊಗಳೋಕೆ ಶುರು ಮಾಡಿದರು. "ನಮ್ಮುಡುಗುಂಗೆ ಬೀಡಿ ಇಲ್ಲ, ಇಸ್ಪೀಟಿಲ್ಲ. ಮೈಯಲ್ಲಿ ಒಂದ್ ಐಬು ಅಂತ ತೋರ್ಸ್ಬುಡಿ ನೋಡಾನ."

ಹುಡುಗನೋ, ಅತ್ತೆಯಾಗೋರನ್ನ ಮೆಚ್ಚಿಸಬೇಕು ಅಂತ, ಸೋಮವಾರ ಗೀಮವಾರ ನೋಡದೆ ದೊಡ್ಡ ತುಂಡು ತಗೊಂಡು ಮುಂದಿನ ಹಲ್ಲಲ್ಲೇ ಕಚ್ಚಿಬಿಟ್ಟ. ಟಪ್ ಅಂತ ಸದ್ದಾಯ್ತು. ಕೇಕು ಮುರೀತಲ್ಲ ಅಂತ ನಮಗೆಲ್ಲ ಆಶ್ಚರ್ಯ. ನೋಡಿದರೆ ಕೇಕು ಹೆಂಗಿತ್ತೋ ಹಂಗೇ ಇದೆ, ಅದರ ಮೇಲೆ ಒಂದು ಹಲ್ಲು ನಿಂತಿದೆ. ಕಟ್ಟಿಸಿಕೊಂಡ ಹಲ್ಲು! ಬೀಗಿತ್ತಿ ಸೂರು ನೋಡೋಕೆ ಶುರು ಮಾಡಿದರು. ನಮ್ಮ ನಾದಿನಿ ಕಾಫಿ ತಟ್ಟೆ ಹಿಡಿದುಕೊಂಡೇ ಅಳೋ ಹಾಗಾದಳು, ಸಂಬಂಧ ಇಲ್ಲಿಗೇ ಮುರೀತು ಅಂತ.

ಅತ್ತೆ ಮಾತ್ರ ಹುಡುಗನನ್ನೇ ದಿಟ್ಟಿಸಿ ಕೇಳಿದರು. "ಕೇಕು ಎಂಗದಪ್ಪ?"

ಆ ಹುಡುಗ ಬಾಯಿಗೆ ಕರ್ಚೀಪು ಅಡ್ಡ ಹಿಡಿದುಕೊಂಡು, ಗಾಳಿ ಸೋರೋ ದನಿಯಲ್ಲಿ, "ಭಾಳ ಚೆನ್ನಾಗದೆ ಅತ್ತೆ," ಅಂದ.

ಬೀಗರು ಎದ್ದು ಹಿತ್ತಲಿಗೆ ಕೈ ತೊಳೆಯೋಕೆ ಹೋದಾಗ ಮಾವ ಪೇಚಾಡಿಕೊಂಡರು. "ಐಬು ಮುಚ್ಚಿಟ್ಟು ಬಂದವ್ರೆ ಕಣಮ್ಮಿ, ಬ್ಯಾಡ ಈ ಸಂಬಂಧ."

"ಸುಮ್ಕಿರಿ ನೀವು," ಅಂದರು ಅತ್ತೆ. "ಹಲ್ಲೋದ್ರೂ ಚೆನ್ನಾಗದೆ ಅಂತಾವ್ನೆ. ಇಂಥಾ ಅಳೀಮಯ್ಯ ಏಳು ಸೀಮೆ ಉಡುಕುದ್ರೂ ಸಿಕ್ಕಾಕಿಲ್ಲ. ಲಗ್ನ ಕಟ್ಸಿ."

ರಂಗನಾಥನ ಪ್ರಸಾದ

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಊರ ಪಂಚಾಯ್ತಿ ಕಟ್ಟೇಲಿ ಅವರು ಗುಡುಗಿದರೆ ಎದುರಾಡೋ ಗಂಡಸಿರಲಿಲ್ಲ. ಮನೆ ಹೊಸಿಲು ದಾಟಿದರೆ ಬೆಕ್ಕು. ಅತ್ತೆ ಕೇಕಿನ ತಟ್ಟೆ ಹಿಡಿದು ಬಂದರೆ ಅವರ ಕೈ ತಾನಾಗಿ ಕಾಫಿ ಲೋಟ ಹುಡುಕ್ತಿತ್ತು.

ಒಂದು ಸಲ ಶ್ರೀರಂಗಪಟ್ಟಣದಲ್ಲಿ ಅತ್ತೆಯ ತವರಿನ ಮದುವೆ. ಅತ್ತೆ ಹಿಂದಿನ ದಿನವೇ ಹೋಗಿದ್ದರು. ಮಾವನೂ ನಾನೂ ಬೆಳಿಗ್ಗೆ ಬಸ್ಸಿಳಿದೆವು. "ಮಗಾ, ನೀ ಮುಂದಕ್ಕೋಗು, ನಾನು ರಂಗನಾಥನ ದರ್ಶನ ಮಾಡ್ಕಂಡು ಬತ್ತೀನಿ," ಅಂತ ಮಾವ ಹೊರಟರು. ಎಷ್ಟು ಭಕ್ತಿ ಅಂದುಕೊಂಡೆ. ಹೂ ತಗೊಳ್ಳೋಕೆ ಅಂತ ನಾನು ಅದೇ ಬೀದಿಗೆ ಹೋದರೆ, ಮಾವ ಬೇಕರಿ ಮುಂದೆ ನಿಂತವ್ರೆ. ಎಡಗೈಲಿ ಒಂದು ಹನಿ ಕೇಕು, ಬಲಗೈಲಿ ಇನ್ನೊಂದು. ಕಣ್ಣು ಮುಚ್ಚಿಕೊಂಡು ತಿಂತಾವ್ರೆ. ದೇವರ ಮುಂದೂ ಅವರು ಅಷ್ಟು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದನ್ನ ನಾನು ನೋಡಿರಲಿಲ್ಲ.

ಕಣ್ಣು ಬಿಟ್ಟರೆ ಎದುರಿಗೆ ನಾನು. "ಅಯ್ಯೋ ಮಗಾ! ನಿಮ್ಮತ್ತೆಗೆ ಯೋಳ್ಬುಟ್ಟೀಯಾ!"

"ಇಲ್ಲ ಬಿಡಿ ಮಾವ."

"ನಿಂಗೂ ಒಂದ್ ಕೊಡ್ಸ್ಲಾ?"

ಕೊಡಿಸಿದರು. ನಾನೂ ತಿಂದೆ. ಬಾಯಿಗಿಟ್ಟರೆ ಕರಗಿ ಹೋಯ್ತು, ಕಣ್ಣಲ್ಲಿ ನೀರು ಬಂತು ನನಗೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಕೇಕು ಅಂದರೆ ಹಿಂಗಿರ್ತದೆ ಅನ್ನೋದೇ ಮರೆತುಹೋಗಿತ್ತು.

ಮದುವೆ ಮನೆ ಬಾಗಿಲಲ್ಲೇ ಅತ್ತೆ ನಿಂತಿದ್ದರು, ಕೊರಳಲ್ಲಿ ಕಾಸಿನ ಸರ. ಮಾವನ ಮುಖ ನೋಡಿದವರೇ, "ಅದೇನ್ರೀ ಮೀಸೇಲಿ?" ಅಂದರು. ನೋಡಿದರೆ ಹನಿ ಕೇಕಿನ ಮೇಲಿನ ಕೊಬ್ಬರಿ ಪುಡಿ, ಕೆಂಪು ಜಾಮು ಸಮೇತ ಅಂಟಿಕೊಂಡಿದೆ.

ಮಾವ ತಡವರಿಸಿದರು. "ಪ್ರಸಾದ ಕಣಮ್ಮಿ. ರಂಗನಾಥಸ್ವಾಮೀದು."

ಅತ್ತೆ ಭಕ್ತಿಯಿಂದ ಮೀಸೆಯಿಂದ ಅದನ್ನ ಬೆರಳಲ್ಲಿ ತೆಗೆದರು. ಕಣ್ಣಿಗೊತ್ತಿಕೊಂಡರು. ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಚಪ್ಪರಿಸಿದರು.

"ಚೆನ್ನಾಗದೆ," ಅಂದರು. "ಮುಂದಿನ ದಪ ನಂಗೂ ಆ ದೇವಸ್ಥಾನ ತೋರ್ಸಿ. ನಾ ಇದೇ ಊರಲ್ಲಿ ಉಟ್ಟಿ ಬೆಳ್ದೋಳು, ಜಾಮ್ ಕೊಡೋ ರಂಗನಾಥನ್ನ ಇನ್ನೂ ಕಂಡಿಲ್ಲ."

ಎಡೆ

ಮಾವ ಹೋಗಿಬಿಟ್ಟರು. ಗದ್ದೆಯಿಂದ ಬಂದವರು ಜಗಲಿ ಮೇಲೆ ಒರಗಿಕೊಂಡರು, ಮತ್ತೆ ಏಳಲಿಲ್ಲ. ನನಗೆ ನನ್ನಪ್ಪ ಹೋದಷ್ಟೇ ದುಃಖವಾಯ್ತು, ಸುಳ್ಳು ಹೇಳಲ್ಲ. ಅತ್ತೆ ಅಳಲಿಲ್ಲ. ಮಾತೇ ಕಮ್ಮಿಯಾಯ್ತು. ಕೇಕಿನ ಪಾತ್ರೆ ಅಟ್ಟಕ್ಕೆ ಹೋಯ್ತು.

ಆ ವರ್ಷದ ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತ ಹಿರಿಯರಿಗೆ ಅವರು ಬದುಕಿದ್ದಾಗ ಏನು ಇಷ್ಟಪಡ್ತಿದ್ದರೋ ಅದನ್ನೆಲ್ಲ ಮಾಡಿ ಬಾಳೆ ಎಲೆ ಮೇಲೆ ಎಡೆ ಇಡ್ತೀವಿ. ಧೂಪ ಹಾಕಿ ಎಲ್ಲರೂ ಆಚೆ ಬಂದು ಬಾಗಿಲು ಹಾಕಿಕೊಳ್ತೀವಿ. ಒಳಗೆ ಅವರು ಬಂದು ಉಣ್ತಾರೆ ಅನ್ನೋ ನಂಬಿಕೆ. ಆಮೇಲೆ ಬಾಗಿಲು ತೆಗೆದು ನಾವು ಉಣ್ಣೋದು.

ಹಬ್ಬದ ಹಿಂದಿನ ದಿನ ಅತ್ತೆ ನಮ್ಮಿಬ್ಬರನ್ನೂ ಕರೆದರು.

"ನಾ ಇನ್ ಕೇಕ್ ಮಾಡಾಕಿಲ್ಲ. ನೀವಿಬ್ರೂ ಒಂದೊಂದ್ ಮಾಡಿ ಎಡೇಲಿ ಮಡಗಿ. ಅವ್ರ ಕೈ ಯಾವ್ದುಕ್ಕೆ ಓಯ್ತದೋ ಅವ್ಳಿಗೆ ಸರ. ನನ್ ಕೇಕಿನ ರುಚಿ ಅವ್ರಿಗಿಂತ ಯಾರಿಗ್ ಗೊತ್ತದೆ?"

ಇಷ್ಟು ವರ್ಷದ ಪೈಪೋಟಿ ಒಂದು ಎಲೆ ಮೇಲೆ ಬಂದು ನಿಂತಿತು. ನಾನು ಆ ದಿನ ಪಟ್ಟ ಶ್ರಮ ಡಿಗ್ರಿ ಪರೀಕ್ಷೆಗೂ ಪಟ್ಟಿರಲಿಲ್ಲ. ಸೋಡಾ ಇಲ್ಲ. ರಾಗಿ ಹಿಟ್ಟು ಧಾರಾಳ. ಬೆಲ್ಲವನ್ನ ಗಟ್ಟಿ ಪಾಕ ಮಾಡಿ ಸುರಿದೆ, ಮೇಲೆ ಕೆಂಡ ಬೂದಿಯಾದ ಮೇಲೆ ಇನ್ನೊಂದು ಸಲ ಕೆಂಡ ಹಾಕಿದೆ. ಓರಗಿತ್ತಿ ಪಕ್ಕದ ಒಲೇಲಿ, ಇಬ್ಬರ ಬಾಣಲೇಲೂ ಕಾವೇರಿ ಮರಳು. ಕೊನೆಗೆ ಎರಡು ಕೇಕೂ ಅಕ್ಕಪಕ್ಕ ಇಟ್ಟರೆ ಯಾವುದು ಯಾರದ್ದು ಅಂತ ನಮಗೇ ಗೊತ್ತಾಗಲಿಲ್ಲ. ಒಂದಕ್ಕೊಂದು ತಾಗಿದಾಗ ಠಣ್ ಅಂತು.

ಸಂಜೆ ಮಾವನ ಫೋಟೋ ಮುಂದೆ ಎಡೆ ಇಟ್ಟೆವು. ಮುದ್ದೆ, ಮಟನ್ ಸಾರು, ಕೈಮ ಉಂಡೆ, ನಾಟಿ ಕೋಳಿ ಹುರಿದದ್ದು, ಬೀಡಿ ಕಟ್ಟು, ಕ್ವಾರ್ಟರ್ ಬಾಟ್ಲು. ಎಲೆಯ ಬಲಗಡೆ, ಕೈಗೆ ಸಿಗೋ ಹಾಗೆ ಎರಡು ಕೇಕು. ಧೂಪ ಹಾಕಿ ಎಲ್ಲರೂ ಜಗಲಿಗೆ ಬಂದೆವು. ಬಾಗಿಲು ಹಾಕಿಕೊಂಡೆವು. ನಾನು ಕಣ್ಣು ಮುಚ್ಚಿ, ಮಾವ, ಬೇಕರೀಲಿ ನೋಡಿದ್ದನ್ನ ಇವತ್ತಿಗೂ ಯಾರಿಗೂ ಹೇಳಿಲ್ಲ, ಅದನ್ನ ಮನಸ್ಸಲ್ಲಿಟ್ಟುಕೊಳ್ಳಿ ಅಂತ ಬೇಡಿಕೊಂಡೆ. ಪಕ್ಕದಲ್ಲಿ ಓರಗಿತ್ತಿ ಬಾಯೂ ಪಿಟಿಪಿಟಿ ಅಂತಿತ್ತು.

ಒಳಗೆ ಏನೋ ಸದ್ದಾಯ್ತು. ಗಟ್ಟಿಯಾದ್ದೇನೋ ಉರುಳಿದ ಸದ್ದು. ಎಲ್ಲರಿಗೂ ಮೈ ಜುಂ ಅಂತು. ಭಾವ ಕೈ ಮುಗಿದುಕೊಂಡು, "ಅಪ್ಪಯ್ಯ ಬಂದವ್ರೆ," ಅಂದರು. ಸ್ವಲ್ಪ ಹೊತ್ತಿಗೆ ಹಿತ್ತಲ ಗೋಡೆ ಮೇಲೆ ಪಕ್ಕದ ಮನೆ ಕೊತ್ತಿ ಮೂತಿ ನೆಕ್ಕಿಕೊಳ್ತಾ ಹೋಯ್ತು. ಯಜಮಾನರು "ಕೊ" ಅಂತ ಬಾಯಿ ತೆಗೆದರು, ಭಾವ ಗುರಾಯಿಸಿದರು, ಬಾಯಿ ಮುಚ್ಚಿತು. ಹಿರಿಯರು ಯಾವ ರೂಪದಲ್ಲಾದರೂ ಬರಬಹುದಲ್ವಾ.

ಬಾಗಿಲು ತೆಗೆದೆವು. ಕೈಮ ಉಂಡೆ ಒಂದೂ ಇಲ್ಲ. ಕೋಳಿ ಇಲ್ಲ, ಮಟನ್ ತುಂಡೆಲ್ಲ ಖಾಲಿ. ಎರಡು ಕೇಕು ಮಾತ್ರ ಎಲೆಯಿಂದ ಆಚೆಗೆ, ಗೋಡೆ ಪಕ್ಕಕ್ಕೆ ಬಿದ್ದಿವೆ. ಯಾರೋ ಬೇಕು ಅಂತಲೇ ದೂರ ತಳ್ಳಿದ ಹಾಗೆ.

ಭಾವನೇ ಸುಧಾರಿಸಿಕೊಂಡು, "ಅಪ್ಪಯ್ಯಂಗೆ ಒಟ್ಟೆ ತುಂಬೋಗಿರ್ಬೇಕು ಕಣವ್ವ. ಆಮ್ಯಾಕೆ ತಿನ್ನಾನ ಅಂತ ಪಕ್ಕಕ್ಕೆ ಮಡಗವ್ರೆ," ಅಂದರು.

"ಸುಮ್ಕಿರ್ಲಾ," ಅಂದರು ಅತ್ತೆ.

ಫೋಟೋನೇ ನೋಡ್ತಾ ನಿಂತರು. ಭುಜ ಅಲುಗಾಡೋಕೆ ಶುರುವಾಯ್ತು. ಅಯ್ಯೋ, ಈಗ ಅಳ್ತಾರೆ ಅಂತ ನಾನು ಹಿಡಿದುಕೊಳ್ಳೋಕೆ ಹೋದರೆ, ನಗ್ತಾವ್ರೆ! ಮಾವ ಹೋದ ಮೇಲೆ ಅದೇ ಮೊದಲು ಅವರು ನಕ್ಕಿದ್ದು. ನಗ್ತಾ ನಗ್ತಾ ಕಣ್ಣಲ್ಲಿ ನೀರೂ ಸುರೀತಿತ್ತು.

"ಬದ್ಕಿರೋಗಂಟ ನನ್ ಹೆದ್ರಿಕೆಗೆ ತಿಂದ್ರು. ಈಗ ಅವ್ರಿಗ್ಯಾರ್ ಹೆದ್ರಿಕೆ?"

ನಾನು ಸಮಾಧಾನಕ್ಕೆ, "ಇಲ್ಲ ಅತ್ತೆ, ಕೇಕು ಚೆನ್ನಾಗೇ..." ಅಂದೆ.

"ಬಾಯ್ಮುಚ್ಚೆ. ನನ್ ಬಾಯಲ್ಲೂ ಹಲ್ಲವೆ, ನಂಗೊತ್ತಾಗಾಕಿಲ್ವಾ? ಮದ್ವೆಯಾದ ವರ್ಸ ಮೊದುಲ್ನೇ ದಪ ಮಾಡ್ದೆ, ಕಲ್ಲಾಗೋಯ್ತು. ಬಯ್ತಾರೆ ಅಂತ ನಡುಗ್ತಾ ನಿಂತಿದ್ದೆ. ಬೊಂಬಾಟಾಗದೆ ಅಂದ್ರು. ಇದ್ಯಾಕಿಂಗಂದ್ರು ಅಂತ ಇನ್ನೊಂದಪ ಅಂಗೇ ಮಾಡ್ದೆ. ಅದ್ಕೂ ಬೊಂಬಾಟು. ಇವತ್ತು ಯೋಳ್ತಾರೆ, ನಾಳೆ ಯೋಳ್ತಾರೆ ಅಂತ ಮಾಡ್ತಾನೇ ಓದೆ. ಗಂಡ ಯೋಳ್ಲಿಲ್ಲ, ಎತ್ತ ಮಕ್ಳು ಯೋಳ್ಲಿಲ್ಲ, ಸೊಸೇರು ಯೋಳ್ಲಿಲ್ಲ. ಆ ಅಳೀಮಯ್ಯ, ಹಲ್ ಕೈಲಿಡ್ಕಂಡು ಚೆನ್ನಾಗದೆ ಅಂದ. ಅದ್ಯಾವ್ ಬಾಯಿಂದ್ಲಾದ್ರೂ ನಿಜ ಬತ್ತದಾ ಅಂತ ಇಷ್ಟ್ ವರ್ಸ ಕಾಯ್ದೆ ಕಣ್ರೋ."

ಭಾವ ನೆಲ ನೋಡಿದರು. ಯಜಮಾನರು ನನ್ನ ನೋಡಿದರು. ನಾನು ಓರಗಿತ್ತೀನ ನೋಡಿದೆ. ಓರಗಿತ್ತಿ ಮಾತ್ರ ಅತ್ತೆ ಕೊರಳು ನೋಡ್ತಿದ್ದರು. ಗೆದ್ದವಳಿಗೆ ಕೊಡೋಕೆ ಅಂತ ಆವತ್ತು ಹಾಕಿಕೊಂಡಿದ್ದ ಕಾಸಿನ ಸರವನ್ನ ಅತ್ತೆ ಬಿಚ್ಚುತ್ತಿದ್ದರು.

ಬಿಚ್ಚಿ, ಎರಡೂ ಕೈಲಿ ಹಿಡಿದುಕೊಂಡು ನಮ್ಮಿಬ್ಬರ ಮುಂದೆ ಬಂದರು. ಇಬ್ಬರೂ ಗೊತ್ತಿಲ್ಲದ ಹಾಗೆ ಸ್ವಲ್ಪ ಸ್ವಲ್ಪ ಕತ್ತು ಬಗ್ಗಿಸಿದೆವು. ಅತ್ತೆ ನಮ್ಮ ನಡುವೆ ತೂರಿಕೊಂಡು ಮುಂದಕ್ಕೆ ಹೋಗಿ, ಸರವನ್ನ ಮಾವನ ಫೋಟೋಗೆ ಹಾಕಿಬಿಟ್ಟರು.

"ಈ ಮನೇಲಿ ಕೇಕು ಚೆನ್ನಾಗಿಲ್ಲ ಅಂತ ಅಂದೋರು ಅವ್ರೊಬ್ರೇ. ಅದೂ ಸತ್ ಮ್ಯಾಲೆ. ಸರ ಅವ್ರಿಗೇ ಇರ್ಲಿ."

ಆವತ್ತಿಂದ ಮಾವನ ಫೋಟೋಗೆ ಬೆಳಿಗ್ಗೆ ನಾನು ಧೂಳು ಒರೆಸಿ ಹೂ ಮುಡಿಸ್ತೀನಿ, ಮಧ್ಯಾಹ್ನ ಓರಗಿತ್ತಿ ಮತ್ತೆ ಒರೆಸಿ ಊದುಬತ್ತಿ ಹಚ್ತಾರೆ. ಅವರು ಫೋಟೋ ಮುಂದೆ ನಿಂತರೆ ನಾನು ಪಡಸಾಲೆ ಬಿಟ್ಟು ಕದಲೋದಿಲ್ಲ, ನಾನು ನಿಂತರೆ ಅವರು ಕದಲೋದಿಲ್ಲ. ಸತ್ತ ಮಾವನ ಮೇಲೆ ಇಷ್ಟೊಂದು ಭಕ್ತಿ ಇಟ್ಟುಕೊಂಡಿರೋ ಸೊಸೆಯರು ಪಾಂಡವಪುರ ತಾಲ್ಲೂಕಲ್ಲೇ ಇಲ್ಲ ಅಂತ ಊರೆಲ್ಲ ಹೊಗಳ್ತದೆ.